ಬೆರಳಿಗೆ ಮಾತ್ರ ಗೊತ್ತಿದ್ದ ಪಾಸ್‌ವರ್ಡ್

ದೊಡ್ಡಮ್ಮನ ಹತ್ತೂ ಬೆರಳುಗಳ ತುದಿ ಚಪ್ಪಟೆಯಾಗಿತ್ತು. ಉಗುರನ್ನು ಮಾಂಸಕ್ಕೆ ತಾಗುವಷ್ಟು ಗಿಡ್ಡವಾಗಿ ಕತ್ತರಿಸಿಕೊಳ್ಳುತ್ತಿದ್ದಳು; ಅದಕ್ಕೆ ಬಣ್ಣ ಹಚ್ಚಿದ್ದನ್ನು ನಾನಂತೂ ಕಂಡಿಲ್ಲ. ಎಡಗೈ ಕಿರುಬೆರಳು ಒಂಚೂರು ಹೊರಕ್ಕೆ ಬಾಗಿತ್ತು. ಟೈಪ್‌ರೈಟರಿನ 'ಎ' ಅಕ್ಷರವನ್ನು ಜೀವಮಾನವೆಲ್ಲ ಒತ್ತಿ ಒತ್ತಿ ಹಾಗಾಯಿತು ಎಂದು ಅವಳೇ ಹೇಳುತ್ತಿದ್ದಳು. ಟಿವಿಯಲ್ಲಿ ಇಂಗ್ಲಿಷ್ ವಾರ್ತೆ ಬರುತ್ತಿದ್ದರೆ ಆ ಬೆರಳುಗಳು ಸೀರೆಯ ಮೇಲೆ, ತೊಡೆಯ ಮೇಲೆ, ತಮ್ಮ ಪಾಡಿಗೆ ಓಡುತ್ತಿದ್ದವು. ವಾರ್ತೆ ಓದುವವಳ ಮಾತನ್ನೆಲ್ಲ ಟೈಪು ಮಾಡುತ್ತಿದ್ದವು. ಆಮೇಲೆ ಚರ್ಚೆ ಶುರುವಾಗಿ ನಾಲ್ಕು ಜನ ಒಟ್ಟಿಗೆ ಕಿರುಚತೊಡಗಿದರೆ ಬೆರಳು ನಿಲ್ಲುತ್ತಿದ್ದವು. "ಇದು ಟೈಪ್ ಮಾಡೋ ಮಾತಲ್ಲ" ಎಂದು ರಿಮೋಟ್ ಎತ್ತಿಕೊಂಡು ಟಿವಿ ಆರಿಸುತ್ತಿದ್ದಳು.

ಚಾಡಿಗೂ ಅದೇ ಮಾತು, ಹೊಗಳಿಕೆಗೂ ಅದೇ ಮಾತು. ನನ್ನ ಅಮ್ಮ ಮೈಸೂರಿನಿಂದ ಫೋನು ಮಾಡಿ ಯಾರದೋ ಮದುವೆಯ ಊಟದಲ್ಲಿ ಪಾಯಸ ನೀರಾಗಿತ್ತು ಎಂದು ಶುರು ಮಾಡಿದರೆ ದೊಡ್ಡಮ್ಮ ಅಷ್ಟಕ್ಕೇ ತಡೆಯುತ್ತಿದ್ದಳು. ಅಕ್ಕತಂಗಿಯರ ಮಾತು ಹೀಗೆ ದಿನಕ್ಕೊಮ್ಮೆ ನಿಂತು ಮರುದಿನ ಮತ್ತೆ ಮುಂದುವರಿಯುತ್ತಿತ್ತು.

ಅವಳು ಮೈಸೂರಿನಲ್ಲಿ ಟೈಪಿಂಗ್ ಕಲಿತು, ಪರೀಕ್ಷೆ ಕಟ್ಟಿ, ದೆಹಲಿಯ ಒಂದು ಸಚಿವಾಲಯದಲ್ಲಿ ಟೈಪಿಸ್ಟಾಗಿ ಸೇರಿದವಳು. ನಿವೃತ್ತಿಯ ಹೊತ್ತಿಗೆ ದೊಡ್ಡ ಸಾಹೇಬರೊಬ್ಬರ ಪಿ.ಎ. ಆಗಿದ್ದಳು. ವಸಂತ್ ಕುಂಜಿನ ನೆಲಮಹಡಿಯ ಫ್ಲ್ಯಾಟಿನಲ್ಲಿ ಅವಳೂ ದೊಡ್ಡಪ್ಪನೂ ಇದ್ದರು. ಮಕ್ಕಳಿರಲಿಲ್ಲ. ನಾನು ಎಂ.ಎ. ಓದಲು ಬಂದಾಗ ಹಾಸ್ಟೆಲ್ ಸಿಗುವವರೆಗೆ ಇರಲಿ ಎಂದು ಅವರ ಮನೆಗೆ ಪೆಟ್ಟಿಗೆ ತಂದಿಟ್ಟೆ. ಹಾಸ್ಟೆಲ್ ಸಿಕ್ಕಿತು, ಪೆಟ್ಟಿಗೆ ಮಾತ್ರ ಅಲ್ಲೇ ಉಳಿಯಿತು, ನಾನೂ ಉಳಿದೆ. ಓದು ಮುಗಿದು ನೋಯ್ಡಾದಲ್ಲಿ ಕೆಲಸ ಸಿಕ್ಕಿ ಬೇರೆ ಮನೆ ಮಾಡಿದ ಮೇಲೂ ಭಾನುವಾರ ಅಂದರೆ ದೊಡ್ಡಮ್ಮನ ಮನೆ. ದೊಡ್ಡಪ್ಪ ತೀರಿಕೊಂಡ ಮೇಲಂತೂ ತಪ್ಪಿಸುತ್ತಿರಲಿಲ್ಲ.

ಭಾನುವಾರ ನಾನೊಬ್ಬಳೇ ಅಲ್ಲ. ಹತ್ತಿರದ ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಉಪ್ಪಿಟ್ಟಿಗೋ ಬಿಸಿಬೇಳೆಬಾತಿಗೋ ಬರುತ್ತಿದ್ದರು. ತಟ್ಟೆ ಕೈಗೆ ಬರುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತಿದ್ದರು, ಯಾಕೆಂದರೆ ಆ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಬಾಗಿಲ ಹೊರಗೆ ನಿಂತರೆ ಉಂಟು, ಒಳಗೆ ಬಂದರೆ ಇಲ್ಲ. ದೊಡ್ಡಮ್ಮ ಪಾಸ್‌ವರ್ಡನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. "ನಂಗೊತ್ತಿಲ್ಲ ಕಣ್ರೋ, ಬೆರಳಿಗೆ ಗೊತ್ತು" ಎನ್ನುತ್ತಿದ್ದಳು. ಎರಡೂ ಕೈಗಳನ್ನು ಊಟದ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಕಂಪ್ಯೂಟರಿನ ಕೀಲಿಮಣೆ ಮುಂದಿದೆ ಎನ್ನುವ ಹಾಗೆ ಒಂದು ಸಲ ಟಕಟಕ ಆಡಿಸುವಳು. ಆಮೇಲೆ ನಿಧಾನಕ್ಕೆ, ಒಂದೊಂದೇ ಬೆರಳು ಎಲ್ಲಿಗೆ ಹೋಯಿತೆಂದು ನೋಡಿಕೊಂಡು, ಅವರ ಫೋನಿನಲ್ಲಿ ಆ ಅಕ್ಷರವನ್ನು ಒತ್ತುವಳು. ಪರದೆಯ ಮೇಲೆ ಬರೀ ಚುಕ್ಕಿ ಮೂಡುತ್ತಿತ್ತು. ಹುಡುಗರು ಮುಸಿಮುಸಿ ನಗುತ್ತಿದ್ದರು. ಎಲ್ಲಾದರೂ ಬರೆದಿಡು ಎಂದು ನಾನು ಹೇಳಿದ್ದಕ್ಕೆ, ಬರೆದಿಟ್ಟರೆ ಅದು ಪಾಸ್‌ವರ್ಡ್ ಹೇಗಾಗುತ್ತೆ ಎಂದು ನನ್ನನ್ನೇ ಕೇಳಿದಳು. ಕಾನ್ಫಿಡೆನ್ಷಿಯಲ್ ಕಾಗದ ಟೈಪು ಮಾಡಿ ಸವೆದ ಜೀವ, ಅದಕ್ಕೆ ಯಾರು ಬುದ್ಧಿ ಹೇಳುವುದು.

ಚಳಿಗಾಲದ ಒಂದು ಬೆಳಿಗ್ಗೆ ಅವಳಿಗೆ ಸ್ಟ್ರೋಕ್ ಆಯಿತು. ಬಚ್ಚಲಲ್ಲಿ ಬಿದ್ದಳು, ಕೈಯಲ್ಲಿದ್ದ ಫೋನು ನೀರು ತುಂಬಿದ ಬಕೆಟ್ಟಿಗೆ ಬಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯಲ್ಲಿ ಮಾತು ಕಲಿಸುವವರು ಬಂದು ಗ್ಲಾಸು ತೋರಿಸಿ, "ಮಾತಾಜಿ, ಬೋಲಿಯೇ, ಪಾನಿ" ಎಂದರು. ದೊಡ್ಡಮ್ಮ ಗೋಡೆ ನೋಡಿದಳು. ನಲವತ್ತು ವರ್ಷ ತರಕಾರಿಯವರ ಜೊತೆ ಅವರಿಗಿಂತ ಚೆನ್ನಾಗಿ ಹಿಂದಿಯಲ್ಲಿ ಜಗಳವಾಡಿದವಳು. ನಾನು ಸುಮ್ಮನೆ "ನೀರು ದೊಡ್ಡಮ್ಮ" ಎಂದೆ. ಕುತ್ತಿಗೆ ನನ್ನ ಕಡೆ ತಿರುಗಿತು. ಹೀಗಾಗುವುದುಂಟು, ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ಇವರಿಗೆ ಕನ್ನಡದಲ್ಲೇ ಕಲಿಸುವವರನ್ನು ಹುಡುಕಿ ಎಂದು ಡಾಕ್ಟರು ಹೇಳಿದರು.

ನೋಯ್ಡಾದ ಮನೆಗೆ ಬೀಗ ಹಾಕಿ ವಸಂತ್ ಕುಂಜಿಗೆ ಬಂದೆ. ಹಗಲು ನೋಡಿಕೊಳ್ಳಲು ಒಬ್ಬ ಅಟೆಂಡೆಂಟ್ ಇದ್ದಳು, ಬಿಹಾರದವಳು, ಅವಳನ್ನು ದೀದಿ ಎನ್ನುತ್ತಿದ್ದೆ. ನನಗೆ ಏನಾಗಿತ್ತೋ, ಏನೂ ಅನ್ನಿಸುತ್ತಿರಲಿಲ್ಲ. ಅಳು ಇಲ್ಲ, ಗಾಬರಿ ಇಲ್ಲ. ಮಾತ್ರೆ ಪುಡಿ ಮಾಡುತ್ತಿದ್ದೆ, ಬೆಡ್‌ಶೀಟ್ ಬದಲಾಯಿಸುತ್ತಿದ್ದೆ, ಗಂಜಿ ಆರಿಸುತ್ತಿದ್ದೆ. ಅಮ್ಮ ಫೋನಿನಲ್ಲಿ ಅತ್ತರೆ, ಅವಳು ಅತ್ತು ಮುಗಿಸಲಿ ಎಂದು ಬಾಗಿಲ ಹೊರಗೆ ಚಳಿಯಲ್ಲಿ ನಿಂತು ಕಾಯುತ್ತಿದ್ದೆ. ಮನಸ್ಸು ಮರಗಟ್ಟಿತು ಎನ್ನುತ್ತಾರಲ್ಲ, ಅದೇ ಇರಬೇಕು. ಒಂದೇ ಒಂದು ಆಸೆ ಉಳಿದಿತ್ತು: ದೊಡ್ಡಮ್ಮ ಮತ್ತೆ ಮಾತಾಡಬೇಕು. ಬೈದರೂ ಸರಿ.

ಮೊಣಕಾಲು ನೋವಿನಿಂದ ಪ್ರಯಾಣ ಮಾಡಲಾಗದ ಅಮ್ಮ, ಕೂತಲ್ಲಿಂದಲೇ ಮೈಸೂರಿನಲ್ಲಿ ಒಬ್ಬ ಟೀಚರನ್ನು ಹುಡುಕಿದಳು. ಮಾತು ಹೋದವರಿಗೆ ಕನ್ನಡದಲ್ಲಿ ಪಾಠ ಮಾಡುವ ಹುಡುಗಿ, ವಿಡಿಯೋದಲ್ಲಿ ಮಾಡುತ್ತೇನೆಂದು ಒಪ್ಪಿದಳು. ನಾನು ಹೊಸ ಟ್ಯಾಬ್ ತಂದೆ. ತಂದು ಪೆಟ್ಟಿಗೆ ಒಡೆದು ಆನ್ ಮಾಡಿದಾಗ ಅದು ಕೇಳಿದ್ದು ವೈಫೈ ಪಾಸ್‌ವರ್ಡ್.

ನನ್ನ ಹಳೆಯ ಫೋನಿಗೆ ದೊಡ್ಡಮ್ಮ ಹಾಕಿಕೊಟ್ಟಿದ್ದಳು. ಅದು ಹಾಳಾಗಿ ಹೊಸದು ತಂದು ಹೆಚ್ಚು ದಿನ ಆಗಿರಲಿಲ್ಲ. ಅವಳ ಫೋನು ಬಕೆಟ್ಟಿನ ನೀರು ಕುಡಿದು ಸತ್ತಿತ್ತು. ಭಾನುವಾರದ ಹುಡುಗರು ರಜೆಗೆ ಊರಿಗೆ ಹೋಗಿದ್ದರು; ಫೋನು ಮಾಡಿ ಕೇಳಿದರೆ, ತಮಗೆ ಕಂಡದ್ದು ಬರೀ ಚುಕ್ಕಿ ಎಂದರು. ಕಂಪನಿಗೆ ಫೋನು ಮಾಡಿದರೆ, ಕನೆಕ್ಷನ್ ದೊಡ್ಡಪ್ಪನ ಹೆಸರಲ್ಲಿದೆ, ಅವರ ನಂಬರಿಗೆ ಓಟಿಪಿ ಕಳಿಸುತ್ತೇವೆ ಎಂದರು. ಅವರು ತೀರಿಹೋಗಿದ್ದಾರೆ ಎಂದೆ. ಹಾಗಾದರೆ ಅವರನ್ನೇ ಆಫೀಸಿಗೆ ಬರಲು ಹೇಳಿ ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮೇಲಿನ ಮನೆಯವರ ವೈಫೈಯಲ್ಲಿ ಒಂದು ಪಾಠ ನಡೆಸಿ ನೋಡಿದೆವು. ಟೀಚರ್ ಬಾಯಿ ಅಗಲಿಸಿ "ಆ" ಎಂದವಳು ಸಿಗ್ನಲ್ ಸಾಲದೆ ಪರದೆಯ ಮೇಲೆ ಹಾಗೇ ನಿಂತುಬಿಟ್ಟಳು. ದೊಡ್ಡಮ್ಮ ಸ್ವಲ್ಪ ಹೊತ್ತು ಆ ನಿಂತ ಬಾಯನ್ನು ನೋಡಿ ಮಗ್ಗುಲಾದಳು. ಆಮೇಲೆ ಟೀಚರ್ ನನಗೆ ಹೇಳಿದಳು: ತುಟಿ ಹೇಗೆ ಆಡುತ್ತದೆ ಎಂದು ಅವರು ನೋಡಲೇಬೇಕು, ಮಾತು ಬರುವುದಿದ್ದರೆ ಹೆಚ್ಚಿನದು ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ, ತಡ ಮಾಡಬೇಡಿ.

ಆಗ ನನಗೆ ಬೆರಳಿನ ನೆನಪಾಯಿತು. ದೊಡ್ಡಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ, ಊಟದ ತಟ್ಟೆ ಇಡುವ ಹಲಗೆಯನ್ನು ಮಡಿಲಲ್ಲಿಟ್ಟು, ಎರಡೂ ಕೈಗಳನ್ನು ಅದರ ಮೇಲೆ ಇರಿಸಿದೆ. "ದೊಡ್ಡಮ್ಮ, ಪಾಸ್‌ವರ್ಡ್" ಎಂದೆ. ಅವಳು ಕಣ್ಣು ಮುಚ್ಚಿದಳು. ಎಡಗೈ ಆಡಿತು. ಕಿರುಬೆರಳು, ಅದರ ಪಕ್ಕದ್ದು, ನಡುವಿನದು, ತೋರುಬೆರಳು, ತೋರುಬೆರಳು ಒಂದು ಹೆಜ್ಜೆ ಆಚೆ, ಮತ್ತೆ ಈಚೆ. ಈ ಮನೆಯ ವೈಫೈಗೆ ಯಾವತ್ತೂ ಸೇರಿಸದ ನನ್ನ ಆಫೀಸಿನ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟು ಹೊಂದಿಸಿ ನೋಡಿದೆ: ಎ, ಎಸ್, ಡಿ, ಎಫ್, ಜಿ, ಎಫ್. ಅಷ್ಟಕ್ಕೆ ನಿಂತಿತು. ಮುಂದಿನದು ಬಲಗೈಯದು. ಬಲಗೈ ಹಲಗೆಯ ಮೇಲೆ ನಾನಿಟ್ಟ ಹಾಗೇ ಬಿದ್ದಿತ್ತು. ಅವಳು ಕಣ್ಣು ತೆರೆದು ಅದನ್ನೇ ನೋಡಿದಳು. ನಾನು ಹಲಗೆ ಎತ್ತಿಟ್ಟೆ.

ಅವತ್ತಿನಿಂದ ಅವಳು ಟಿವಿ ಕಡೆ ಎಡಗೈ ತೋರಿಸಿ "ತಾ, ತಾ" ಎನ್ನತೊಡಗಿದಳು. ಉಳಿದಿದ್ದ ಸದ್ದು ಅದೊಂದೇ. "ಮಾತಾಜಿ ಕೋ ಸೀರಿಯಲ್ ದೇಖ್ನಾ ಹೈ" ಎಂದು ದೀದಿ ಹಿಂದಿ ಧಾರಾವಾಹಿ ಹಾಕಿದಳು. ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದಳು. ಹಿಂದಿ ಹೋಗಿದೆಯಲ್ಲ, ಅದಕ್ಕೇ ಇರಬೇಕೆಂದು ನಾನು ಕನ್ನಡ ಚಾನಲ್ ಹಾಕಿದೆ, ಅದೂ ಬೇಡ. ದೇವರನಾಮ ಹಾಕಿದೆ, ಕಣ್ಣು ಮುಚ್ಚಿಕೊಂಡಳು. ಪರವಾಗಿಲ್ಲ, ಹಿತವಾಯಿತು ಎಂದುಕೊಂಡೆ. ಅದು ಹಿತವಲ್ಲ, ಸಿಟ್ಟು. ಮರುದಿನವೂ "ತಾ, ತಾ", ಮರುದಿನವೂ ನಾವು ಚಾನಲ್ ಬದಲಾಯಿಸುವುದು. ವಯಸ್ಸಾದವರು ಟಿವಿ ಕಡೆ ಕೈ ತೋರಿಸಿದರೆ ಧಾರಾವಾಹಿ ಬೇಕೆಂದೇ ಅರ್ಥ ಎಂದು ನಮಗೆ ಯಾರು ಹೇಳಿಕೊಟ್ಟರೋ.

ಕೊನೆಗೆ ಒಂದು ಮಧ್ಯಾಹ್ನ ಅವಳೇ ಮಂಚದ ಮೇಲಿದ್ದ ರಿಮೋಟನ್ನು ಎಡಗೈಯಲ್ಲಿ ಎಳೆದುಕೊಂಡಳು. ಹೆಬ್ಬೆರಳಿನಿಂದ ಏನೇನೋ ಒತ್ತಿದಳು, ವಾರ್ತೆ ಮಾಯವಾಗಿ ಸೆಟ್ಟಿಂಗ್ಸ್ ಬಂತು. ಏನಾದರೂ ಕೆಡಿಸಿಬಿಟ್ಟಾಳೆಂದು ನಾನು ರಿಮೋಟಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟಿಗೆ ಫಟ್ಟೆಂದು ಒಂದು ಕೊಟ್ಟಳು. ನಾನು ಕೈ ತೆಗೆದೆ. ಬಾಣದ ಗುರುತು ಒತ್ತುತ್ತಾ ಕೆಳಗಿಳಿದಳು, ಒಂದು ಸಲ ದಾಟಿ ಹೋಗಿ ಹಿಂದಕ್ಕೆ ಬಂದಳು. ನೆಟ್‌ವರ್ಕ್ ಎಂಬಲ್ಲಿ ನಿಂತಳು. ಒಳಗೆ ಹೋದರೆ ನಮ್ಮ ವೈಫೈಯ ಹೆಸರು, ಕನೆಕ್ಟೆಡ್ ಎಂದು. ಅದರೊಳಗೆ ಹೋದರೆ ಪಾಸ್‌ವರ್ಡ್ ಎಂದು ಬರೆದು ಸಾಲಾಗಿ ಚುಕ್ಕಿಗಳು, ಪಕ್ಕದಲ್ಲಿ ಒಂದು ಕಣ್ಣಿನ ಚಿತ್ರ. ಕಣ್ಣಿನ ಮೇಲೆ ಒತ್ತಿದಳು.

ಚುಕ್ಕಿಗಳೆಲ್ಲ ಅಕ್ಷರಗಳಾದವು. ಎಡಗೈ ಕೊಟ್ಟಿದ್ದ ಆರು ಅಕ್ಷರ ಮೊದಲು. ಅದರ ಮುಂದೆ ಸೆಮಿಕೋಲನ್, ಎಲ್, ಕೆ, ಜೆ, ಎಚ್, ಜೆ.

ಈ ಟಿವಿ ತಂದ ದಿನ ವೈಫೈ ಜೋಡಿಸಿದ್ದು ಅವಳೇ. ಟಿವಿಗೆ ಪಾಸ್‌ವರ್ಡ್ ಗೊತ್ತು, ಕೇಳಿದರೆ ತೋರಿಸುತ್ತದೆ ಎಂಬುದು ಅವಳಿಗೆ ನೆನಪಿತ್ತು. ಮಾತು ಹೋಗಿತ್ತೇ ಹೊರತು ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ರಿಮೋಟನ್ನು ಹೊದಿಕೆಯ ಮೇಲೆ ಹಾಕಿ ನನ್ನ ಕಡೆ ನೋಡಿದಳು. ಆಫೀಸಿನಲ್ಲಿ ಕೈಕೆಳಗಿನ ಹುಡುಗಿಯರು ಮಾರ್ಜಿನ್ ಬಿಡದೆ ಟೈಪು ಮಾಡಿದರೆ ಹೀಗೇ ನೋಡುತ್ತಿದ್ದಳೇನೋ. ದೀದಿ ಕೈ ಮುಗಿದಳು. ನಾನು ಟ್ಯಾಬಿಗೆ ಅಕ್ಷರ ಹಾಕಿದೆ, ನೆಟ್ ಬಂತು. ಖುಷಿಯಾಗಬೇಕಿತ್ತು. ಆಗಲಿಲ್ಲ, ಮಂಚದ ಅಂಚಿಗೆ ಕೂತೆ.

ಸಂಜೆ ಅಮ್ಮನಿಗೆ ಫೋನಿನಲ್ಲಿ ಆ ಅಕ್ಷರಗಳನ್ನು ಓದಿ ಹೇಳಿದೆ. ಅವಳೂ ಅಕ್ಕನ ಹಿಂದೆಯೇ ಅದೇ ಇನ್‌ಸ್ಟಿಟ್ಯೂಟಿಗೆ ಟೈಪಿಂಗ್ ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟವಳು. "ಅಯ್ಯೋ, ಅದು ಟೈಪಿಂಗಿನ ಮೊದಲನೇ ಪಾಠ ಕಣೇ. ಆರು ಅಕ್ಷರ ಹೇಳಿದ್ದಿದ್ರೆ ಉಳಿದಿದ್ದು ನಾನೇ ಹೇಳ್ತಿದ್ದೆ" ಎಂದಳು. ಬರೆದಿಡಬಾರದು, ಯಾರಿಗೂ ಹೇಳಬಾರದು ಎಂದು ಅಷ್ಟೆಲ್ಲ ಕಾವಲು ಕಾದದ್ದು, ಟೈಪಿಂಗ್ ಕಲಿಯಲು ಕೂತ ಯಾವ ಹುಡುಗಿಗಾದರೂ ಗೊತ್ತಿರುವ ಸಾಲು. ಅಮ್ಮ ನಕ್ಕಳು, ನಗುತ್ತಲೇ ಅಳತೊಡಗಿದಳು. ನಾನು ಕಾದೆ.

ಪಾಠ ಶುರುವಾಯಿತು. ಮೈಸೂರಿನ ಹುಡುಗಿ ತಟ್ಟೆ, ಲೋಟ, ಬಾಗಿಲು, ಹೂವಿನ ಚಿತ್ರ ಹಿಡಿದು ಒಂದೊಂದೇ ಹೆಸರು ಹೇಳಿಸುವಳು. ಮೊದಲು ಬಂದ ಮಾತು "ಬೇಡ". ಎರಡನೆಯದು "ಉಪ್ಪು"; ದೀದಿಯ ಅಡುಗೆ ಅಷ್ಟು ಸಪ್ಪೆ. ಆಮೇಲೆ ಬಾ, ಹೋಗು, ಸಾಕು, ಚಳಿ. ಪ್ರತಿ ಪಾಠದ ಕೊನೆಗೆ ಟೀಚರ್ ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳುತ್ತಿದ್ದಳು. ದೊಡ್ಡಮ್ಮ ನನ್ನನ್ನು ಅಮ್ಮನ ಹೆಸರಿನಿಂದ ಕರೆದಳು. ಒಂದು ಸಲ "ಲೋಟ" ಎಂದಳು. ತಪ್ಪೆಂದು ತಾನೇ ತಿಳಿದು ಎಡಗೈಯಿಂದ ಹಣೆ ಚಚ್ಚಿಕೊಂಡಳು. ನನ್ನ ಹೆಸರು ಮಾತ್ರ ಬರಲಿಲ್ಲ. ನಾನು ಪರವಾಗಿಲ್ಲ ಎಂದೆ. ಅದು ಸುಳ್ಳು. ಆ ಹೆಸರನ್ನು ಅವಳ ಬಾಯಲ್ಲಿ ಇನ್ನೊಂದು ಸಲ ಕೇಳಬೇಕೆಂದೇ ಅಲ್ಲವೇ ನಾನು ಇಷ್ಟೆಲ್ಲ ಒದ್ದಾಡಿದ್ದು.

ಬೇಸಿಗೆ ಹತ್ತುವ ಹೊತ್ತಿಗೆ ಇನ್ನೊಂದು ಸ್ಟ್ರೋಕ್ ಆಗಿ, ನಿದ್ದೆಯಲ್ಲೇ, ದೊಡ್ಡಮ್ಮ ಹೋದಳು. ಬೆಂಕಿ ಕೊಟ್ಟದ್ದು ನಾನೇ. ಅಲ್ಲಿಯೂ ಅಳು ಬರಲಿಲ್ಲ. ಇವಳದು ಕಲ್ಲು ಮನಸ್ಸು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅನ್ನಲಿ ಬಿಡಿ. ನಾನು ಅತ್ತಾಗಿತ್ತು, ಅದಕ್ಕೆ ಒಂದು ವಾರ ಮೊದಲೇ.

ಅದು ಅವಳ ಕೊನೆಯ ಪಾಠ. ಟೀಚರ್ ಎಂದಿನಂತೆ ನನ್ನನ್ನು ತೋರಿಸಿ, "ಇವ್ರು ಯಾರು ಅಮ್ಮಾ?" ಎಂದಳು. ದೊಡ್ಡಮ್ಮ ನನ್ನನ್ನು ನೋಡುತ್ತಾ ಇದ್ದಳು. ತುಟಿ ಆಡಿತು, ನಿಂತಿತು. "ಹೆಸರು ನೆನಪು ಮಾಡ್ಕೊಳ್ಳಿ, ನಿಧಾನ" ಎಂದು ಟೀಚರ್ ಕಾದಳು. ದೊಡ್ಡಮ್ಮನಿಗೆ ರೇಗಿತು. ಹುಬ್ಬು ಗಂಟಿಕ್ಕಿ, ಟ್ಯಾಬಿನ ಕಡೆ ತಿರುಗಿ, ತಡೆದು ತಡೆದು ಹೇಳಿದಳು:

"ಹೆಸ್ರು ಯಾಕೆ? ನಮ್ಮವಳು."