ಅಮ್ಮನ ಬಾಯಿಂದ ಬಂದ ಹೂಂ

ಲಕ್ವ ಹೊಡೆದ ಮೇಲೆ ಅಮ್ಮನಿಗೆ ಉಳಿದದ್ದು ಒಂದೇ ಶಬ್ದ, ಹೂಂ. ಕಾಫಿ ಬೇಕಾ ಎಂದರೂ ಹೂಂ, ಬೇಡವಾ ಎಂದರೂ ಹೂಂ. ಮೊದಲ ತಿಂಗಳು ನಾನು ಅದನ್ನೇ ನಂಬಿ, ಬೇಡದ ಅನ್ನವನ್ನೆಲ್ಲ ಬಾಯಿಗೆ ತುರುಕಿದ್ದೇನೆ.

ಜಯನಗರದಲ್ಲಿ ಮಾತಿನ ಚಿಕಿತ್ಸೆ ಕೊಡುತ್ತಿದ್ದ ಹೆಂಗಸು ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಮಾತು ಹೋದರೆ ಯೋಚನೆಯೂ ಹೋಯಿತೆಂದು ತಿಳಿಯಬೇಡಿ. ಆ ಹೂಂ ಉತ್ತರವಲ್ಲ, ಬಾಯಿ ಹುಡುಕಿದಾಗ ಸಿಗುವ ಒಂದೇ ಶಬ್ದ. ಬಾಯಿಂದ ಕೇಳಬೇಡಿ, ಎರಡು ಚಿತ್ರ ಮುಂದಿಡಿ. ಆಮೇಲೆ ಚಿತ್ರಗಳ ಜಾಗ ಬದಲಿಸಿ ಇಡಿ. ಎರಡು ಸಲವೂ ಕೈ ಒಂದೇ ಚಿತ್ರಕ್ಕೆ ಹೋದರೆ ಅದು ಅವರ ತೀರ್ಮಾನ. ಆ ದಿನವೇ ಅಮ್ಮನ ಎಡಗೈ ಹಾಲಿನ ಚಿತ್ರವನ್ನು ಎರಡು ಸಲವೂ ಪಕ್ಕಕ್ಕೆ ತಳ್ಳಿ ಕಾಫಿಯ ಮೇಲೆ ಕೂತಿತು. ನಾನು ಅಲ್ಲೇ ಅತ್ತುಬಿಟ್ಟೆ.

ಇದನ್ನೆಲ್ಲ ಮಾವನಿಗೂ ಹೇಳಿದ್ದೆ. ಮಾವ ಎಂದರೆ ಅಮ್ಮನ ಒಬ್ಬನೇ ತಮ್ಮ. ಜರಗನಹಳ್ಳಿಯಲ್ಲಿ ತಾತನ ಜಮೀನಿನಲ್ಲಿ ಉಳಿದಿದ್ದು ಅಕ್ಕಪಕ್ಕದ ಎರಡು ಸೈಟು. ಒಂದು ಅವರು ಬಾಡಿಗೆಗೆ ಕೊಟ್ಟಿದ್ದ ಮನೆ, ಇನ್ನೊಂದು ಅಮ್ಮನ ಹೆಸರಿನಲ್ಲಿದ್ದ ನಮ್ಮ ಮನೆ. ಎರಡನ್ನೂ ಸೇರಿಸಿ ಬಿಲ್ಡರ್‌ಗೆ ಕೊಡೋಣ ಎಂದು ಅವರು ವರ್ಷಗಟ್ಟಲೆ ಗೋಗರೆದಿದ್ದರು. ಮಾತಿದ್ದಾಗ ಅಮ್ಮ ಒಮ್ಮೆಯೂ ಒಪ್ಪಿರಲಿಲ್ಲ.

ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಒಂದು ಬೆಳಿಗ್ಗೆ ನೆಂಟರ ವಾಟ್ಸಾಪ್ ಗುಂಪಿಗೆ ಮಾವ ಒಂದು ವಿಡಿಯೋ ಹಾಕಿದರು. ಮಂಚದ ಮೇಲೆ ಅಮ್ಮ. ಕ್ಯಾಮೆರಾ ಹಿಂದೆ ಮಾವನ ದನಿ: ಅಕ್ಕ, ಮನೆ ಬಿಲ್ಡರ್‌ಗೆ ಕೊಡೋಣ್ವಾ? ಅಮ್ಮ ಹೂಂ ಎಂದಳು. ಮಧ್ಯಾಹ್ನದೊಳಗೆ ಹತ್ತಾರು ಜನ ಹೆಬ್ಬೆಟ್ಟು ಎತ್ತಿದರು. ನಾನು ವಿವರಿಸಲು ಹೋದರೆ, ತಾಯಿಯ ಇಷ್ಟಕ್ಕೆ ಮಗಳೇ ಅಡ್ಡ, ಆಸ್ತಿ ಆಸೆ ಎಂದರು. ಆ ಮಾತನ್ನು ಶುರು ಮಾಡಿದ್ದೂ ಮಾವನೇ ಎಂದು ಆಮೇಲೆ ತಿಳಿಯಿತು. ಅಂದಿನಿಂದ ನನಗೆ ಮನೆ ಉಳಿಸಿಕೊಂಡರೆ ಸಾಲದು ಅನ್ನಿಸತೊಡಗಿತು. ಮಾವನಿಗೆ ನೋಯಬೇಕಿತ್ತು.

ಪಿತೃಪಕ್ಷದಲ್ಲಿ ತಾತನಿಗೆ ಎಡೆ ಇಡಲು ನೆಂಟರೆಲ್ಲ ಮಾವನ ಮನೆಯಲ್ಲಿ ಸೇರಿದ್ದರು. ಮುಂದಿನ ವಾರ ಬಿಲ್ಡರ್‌ನ ಪತ್ರಕ್ಕೆ ಅಮ್ಮನ ಹೆಬ್ಬೆಟ್ಟು ಒತ್ತಿಸುವುದೆಂದು ಮಾವನೇ ಗೊತ್ತು ಮಾಡಿದ್ದರು. ಊಟವಾದ ಮೇಲೆ ಮಾವ ಗಾಲಿಕುರ್ಚಿಯ ಪಕ್ಕ ನಿಂತು, ಎಲ್ಲರೂ ಕೇಳುವಂತೆ ಅದೇ ಪ್ರಶ್ನೆ ಕೇಳಿದರು. ಅಮ್ಮ ಹೂಂ ಎಂದಳು. ಮಾವ ನನ್ನ ಕಡೆ ನೋಡಿ ನಕ್ಕರು.

ನಾನೂ ಒಂದು ಕೇಳಬಹುದೇ ಎಂದೆ. ಕೇಳವ್ವ ಎಂದರು.

ನಾನು ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಅಮ್ಮ, ನಾನಿಲ್ದಾಗ ಮಾವ ನಿನಗೆ ಹೊಡೆದ್ರಾ?"

"ಹೂಂ."

"ಕೆನ್ನೆಗೆ ಹೊಡೆದ್ರಾ?"

"ಹೂಂ."

ಬಾಗಿಲ ಬಳಿ ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ಮಾವನ ಮುಖ ಬೂದಿಯಾಯಿತು. "ಸುಳ್ಳು. ಅವಳಿಗೆ ತಾನೇನ್ ಹೇಳ್ತಿದೀನಿ ಅಂತಾನೇ ಗೊತ್ತಾಗಲ್ಲ," ಎಂದರು.

"ಮತ್ತೆ ವಿಡಿಯೋ ಮಾಡ್ದಾಗ ಗೊತ್ತಾಗ್ತಿತ್ತಾ, ಮಾವ?"

ಅವರು ಬಾಯಿ ತೆರೆದರು, ಮಾತು ಬರಲಿಲ್ಲ. ಮಾತು ಸಿಗದೆ ಒದ್ದಾಡುವುದು ಹೇಗಿರುತ್ತದೆಂದು ಅವರಿಗೂ ಒಂದು ಗಳಿಗೆ ತಿಳಿಯಿತಲ್ಲ ಎಂದು ನನ್ನೊಳಗೆ ತಣ್ಣಗಾಯಿತು. ಆಮೇಲೆ ಚೀಲದಿಂದ ಎರಡು ಫೋಟೋ ತೆಗೆದೆ. ಒಂದು ನಮ್ಮ ಮನೆಯದು, ಇನ್ನೊಂದು ಬಿಲ್ಡರ್ ಅಚ್ಚು ಹಾಕಿಸಿದ್ದ ಅಪಾರ್ಟ್‌ಮೆಂಟಿನದು. ನಾನು ಮುಟ್ಟಿದರೆ ಅನುಮಾನ ಎಂದು ಅಮ್ಮನ ಅಕ್ಕ, ದೊಡ್ಡಮ್ಮನ ಕೈಗೇ ಕೊಟ್ಟೆ. ಅವರು ಜಾಗ ಬದಲಿಸಿ ಬದಲಿಸಿ ಮೂರು ಸಲ ಇಟ್ಟರು. ಮೂರು ಸಲವೂ ಅಮ್ಮನ ಎಡಗೈ ನಮ್ಮ ಮನೆಯ ಮೇಲೆ ಬಿತ್ತು. ದೊಡ್ಡಮ್ಮ ತಮ್ಮನ ಕಡೆ ತಿರುಗಿ, ಇನ್ನು ಈ ವಿಚಾರ ಎತ್ತಬೇಡ ಎಂದಷ್ಟೇ ಹೇಳಿದರು. ಮನೆ ಉಳಿಯಿತು.

ಮಾವ ಅಮ್ಮನಿಗೆ ಹೊಡೆದಿರಲಿಲ್ಲ. ನನಗದು ಗೊತ್ತಿತ್ತು. ಚಿತ್ರಗಳನ್ನು ಮೊದಲೇ ತೆಗೆದಿದ್ದರೂ ಕೆಲಸ ಆಗುತ್ತಿತ್ತು, ಅದೂ ಗೊತ್ತಿತ್ತು. ಒಮ್ಮೆ ಕಿವಿಗೆ ಬಿದ್ದ ಮಾತು, ಸುಳ್ಳೆಂದು ತಿಳಿದ ಮೇಲೂ ತಲೆಯಿಂದ ಇಳಿಯುವುದಿಲ್ಲ. ಆ ಮಧ್ಯಾಹ್ನ ಅಲ್ಲಿದ್ದವರಿಗೆಲ್ಲ ಅದು ಬರೀ ಪರೀಕ್ಷೆಯೆಂದು ಅರ್ಥವಾಗಿತ್ತು. ಆದರೂ ತಿಂಗಳು ಕಳೆಯುವುದರೊಳಗೆ, ಅಕ್ಕನ ಮೇಲೆ ಕೈ ಮಾಡಿದನಂತೆ ಎಂಬ ಮಾತು ತಿಲಕ್ ನಗರದ ನೆಂಟರವರೆಗೆ ಹೋಯಿತು. ಅಲ್ಲಿಂದ ಒಬ್ಬರು ಫೋನ್ ಮಾಡಿ ನಿಜವಾ ಎಂದು ಕೇಳಿದರು. ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನಾನು ಸುಮ್ಮನಿದ್ದೆ. ಅವರು ಅಯ್ಯೋ ಎಂದು ಫೋನಿಟ್ಟರು.

ಅಮ್ಮ ಸುಮ್ಮನಿರಲಿಲ್ಲ. ಎಡೆ ಇಟ್ಟ ದಿನ ಮನೆಗೆ ಬರುತ್ತಲೇ ಗೋಡೆಯ ಕಡೆ ತಿರುಗಿ ಮಲಗಿದಳು. ಎರಡು ದಿನ ನನ್ನ ಕೈಯಿಂದ ತುತ್ತು ತೆಗೆದುಕೊಳ್ಳಲಿಲ್ಲ. ಪಕ್ಕದ ಬಾಡಿಗೆ ಮನೆಯವಳು ಬಂದು ತಿನ್ನಿಸಿದರೆ ತಿಂದಳು. ನಾನು ಕೇಳಿದ ಪ್ರತಿ ಪದವೂ ಅವಳಿಗೆ ಅರ್ಥವಾಗಿತ್ತು. ಎತ್ತಿ ಆಡಿಸಿದ ತಮ್ಮನ ಮೇಲೆ ತನ್ನ ಬಾಯಿಯೇ ಸುಳ್ಳು ಹೇಳುತ್ತಿದ್ದದ್ದು ಅವಳಿಗೆ ಕೇಳಿಸಿತ್ತು, ತಡೆಯಲು ಆಗಿರಲಿಲ್ಲ. ಅಂದರೆ ಅವಳನ್ನು ಮಾವ ಬಳಸಿಕೊಂಡ ಹಾಗೇ ನಾನೂ ಬಳಸಿಕೊಂಡಿದ್ದೆ. ಅವಳ ಕಾಲ ಬಳಿ ಕೂತು ತಪ್ಪಾಯಿತು ಎಂದೆ. ಅವಳು ನನ್ನ ಫೋನಿನಲ್ಲಿದ್ದ ಮಾವನ ಫೋಟೋದ ಮೇಲೆ ಬೆರಳಿಟ್ಟಳು, ತೆಗೆಯಲಿಲ್ಲ. ಫೋನ್ ಮಾಡಿ ಕರೆಸಿದೆ. ಅವರು ಬಂದು, ನನ್ನ ಮುಖ ನೋಡದೆ, ಅಕ್ಕನ ಕೈ ಹಿಡಿದು ಅರ್ಧ ಗಂಟೆ ಕೂತು ಹೋದರು. ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ.

ಅಮ್ಮನ ಎದುರು ನಾನು ತಪ್ಪಿತಸ್ಥೆ. ಮಾವನ ವಿಷಯದಲ್ಲಿ ಅಲ್ಲ. ಮೊದಲೆಲ್ಲ ನೆಂಟರಲ್ಲಿ ಹೆಣ್ಣು ನೋಡುವ ಶಾಸ್ತ್ರವಿರಲಿ, ಪಾಲಿನ ಪಂಚಾಯ್ತಿಯಿರಲಿ, ಅವರನ್ನೇ ಮುಂದೆ ಕೂರಿಸುತ್ತಿದ್ದರು. ಈಗ ಕರೆಯುವುದಿಲ್ಲ. ಕಳೆದ ತಿಂಗಳು ಜೆ.ಪಿ. ನಗರದ ಒಂದು ಮದುವೆಯಲ್ಲಿ ಅವರು ಹಿಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಅಕ್ಕಪಕ್ಕದ ಕುರ್ಚಿ ಖಾಲಿ. ನನಗೆ ಕನಿಕರ ಬರಬಹುದೆಂದು ಸ್ವಲ್ಪ ಹೊತ್ತು ನಿಂತು ನೋಡಿದೆ. ಬರಲಿಲ್ಲ. ಊಟಕ್ಕೆ ಹೋದೆ.