ಭಟ್ಟಿಯ ಕಿಂಡಿಗೆ ಇಟ್ಟ ಕಣ್ಣು

ಕುಳಗೇರಿ ಕ್ರಾಸ್‌ನ ಚಹಾದಂಗಡಿಗಳಿಗೆ ಮಣ್ಣಿನ ಕಪ್‌ ಮಾರುತ್ತ ಮೇಲೆ ಬಂದವನು ನಾನು. ಯಾವ ವಸ್ತುವಿಗೂ ಹೇಳಿದ ಬೆಲೆ ಕೊಟ್ಟವನಲ್ಲ. ಪಿಂಗಾಣಿ ಸುಡುವ ಹಳೆಯ ಗ್ಯಾಸ್ ಭಟ್ಟಿಯೊಂದನ್ನು ಕೊಳ್ಳಲು ಹೋದಾಗಲೂ ಅಷ್ಟೇ. ಮಾರುವವನು ಅದರ ಜೊತೆಗೆ ಶಾಖ ತೋರಿಸುವ ಮೀಟರನ್ನೂ ಬೆಂಕಿ ನೋಡುವ ಕಪ್ಪು ಕನ್ನಡಕವನ್ನೂ ಮುಂದಿಟ್ಟಿದ್ದ.

"ಇವೆರಡೂ ನಿಮ್ಮ ಹತ್ರನ ಇರ್ಲಿ. ಅಷ್ಟು ರೊಕ್ಕ ಇಳಸ್ರಿ," ಎಂದೆ.

"ಮೀಟರ್ ಇಲ್ದ ಬೆಂಕಿ ಹೆಂಗ ನೋಡ್ತೀರಿ?"

"ನಮ್ಮ ಮನಿಯಾಕಿ ಇಳಕಲ್ಲಾಕಿ ಅದಾಳ."

ಹೆಮ್ಮೆಯಿಂದಲೇ ಹೇಳಿದ್ದೆ. ಹೆಂಡತಿಯ ತವರಿನವರು ನೇಕಾರರು. ಒಂದೇ ಕೆಂಪಿನಲ್ಲಿ ಆರು ಕೆಂಪು ಬೇರ್ಪಡಿಸಿ ನೂಲು ಜೋಡಿಸುತ್ತ ಬೆಳೆದವಳು. ಭಟ್ಟಿಯ ಬಾಗಿಲಲ್ಲಿ ಹೆಬ್ಬೆರಳು ತೂರುವಷ್ಟು ಕಿಂಡಿ. ಅದಕ್ಕೆ ಬಲಗಣ್ಣಿಟ್ಟು, ಒಳಗಿನ ಬಣ್ಣವನ್ನು ಸೀರೆಯ ಬಣ್ಣಗಳ ಹೆಸರಿನಿಂದಲೇ ಹೇಳುತ್ತಿದ್ದಳು. ಮೊದಲು ದಾಳಿಂಬೆ, ಆಮೇಲೆ ಕೇಸರಿ, ಕೊನೆಗೆ ಲಿಂಬೆ. "ಲಿಂಬಿ ಬಂತು, ನಿಲ್ಲಸ್ರಿ" ಎಂದಾಗ ಗ್ಯಾಸ್ ಬಂದ್ ಮಾಡಿದರೆ ಭಟ್ಟಿಯೊಳಗಿನ ಕಲ್ಲುಹಲಗೆಗಳಲ್ಲಿ ಮೇಲಿನದರ ಕಪ್‌ಗೂ ಕೆಳಗಿನದಕ್ಕೂ ಒಂದೇ ಹೊಳಪು. ಎಂಟು ವರ್ಷ ಹಾಗೇ ನಡೆಯಿತು. ಬಾದಾಮಿಯ ಲಾಡ್ಜ್ ಒಂದು ನಮ್ಮ ಕಪ್ಪೇ ಬೇಕೆನ್ನುತ್ತಿತ್ತು.

ಆಮೇಲೆ ಸುಡುವುದು ಕೆಡತೊಡಗಿತು. ಒಂದು ಸಲ ಕಪ್‌ಗೆ ಬಳಿದ ಮೆರುಗು ಕರಗದೆ ಮರಳುಕಾಗದದಂತೆ ಉಳಿಯಿತು. ಮುಂದಿನ ಸಲ ಅತಿಯಾಗಿ ಕರಗಿ ಕಪ್‌ಗಳೆಲ್ಲ ಹಲಗೆಗೆ ಅಂಟಿಕೊಂಡವು, ಉಳಿ ಹಾಕಿ ಎಬ್ಬಿಸಬೇಕಾಯಿತು. ಮಣ್ಣನ್ನು ಬೈದೆ, ಗ್ಯಾಸನ್ನು ಬೈದೆ, ಕೊನೆಗೆ ಅವಳನ್ನು.

"ಧ್ಯಾನ ಎಲ್ಲೈತಿ ನಿಂದು? ತವರ್ಮನ್ಯಾಗೇನು?"

"ನಿಮ್ಮ ಬಾಯಾಗಿನ ಬೆಂಕಿ ಆದ್ರ ಚಲೋ ಕಾಣತೈತಿ ನೋಡ್ರಿ," ಎಂದು ನಕ್ಕಳು.

ಮೂರನೆಯ ಸಲ ನಾನೂ ಪಕ್ಕದಲ್ಲೇ ನಿಂತೆ. ಕಿಂಡಿಯಿಂದ ಮುಖ ತೆಗೆದು "ಇನ್ನೂ ಕೇಸರಿ" ಎಂದಳು. ಸುಮ್ಮನೆ ನಾನೂ ಇಣುಕಿದೆ. ಒಳಗೆ ಲಿಂಬೆಯನ್ನೂ ದಾಟಿ ಬೆಳ್ಳಗಾಗಿತ್ತು. ಓಡಿಹೋಗಿ ಗ್ಯಾಸ್ ಬಂದ್ ಮಾಡಿದೆ.

"ಖರೆ ಹೇಳು. ಏನ್ ಕಾಣಸ್ತು ನಿನಗ?"

ಸೆರಗಿನಿಂದ ಮುಖ ಒರೆಸಿಕೊಂಡಳು. "ಏನೂ ಕಾಣಸ್ಲಿಲ್ಲ. ಮಂಜ ಮುಸುಕಿದಂಗ ಐತಿ. ದೀಪಾವಳಿಯಿಂದ ಮಾರಿಗಿ ಬಡಿಯೋ ಝಳಾ ನೋಡಿ ಹೇಳಾಕತ್ತೇನಿ."

"ಮೊದಲ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮೀಟರ್ ತರಬೇಕಾಗತಿತ್ತಲ್ರಿ. ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನು?"

ಬಾಗಲಕೋಟೆಯ ಕಣ್ಣಿನ ಡಾಕ್ಟರು ಎರಡೂ ಕಣ್ಣು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಅಂಥ ಬೆಂಕಿಯನ್ನು ವರ್ಷಗಟ್ಟಲೆ ಬರಿಗಣ್ಣಲ್ಲಿ ನೋಡಿದರೆ ಪೊರೆ ಬರುತ್ತದೆ, ಪೊರೆ ತೆಗೆಯಬಹುದು, ಆದರೆ ಬಲಗಣ್ಣಿನ ಹಿಂದಿನ ಪರದೆಯೂ ಕೆಟ್ಟಿರುವಂತಿದೆ ಎಂದರು. ಒಳಗೆ ಕೂರಿಸುವ ಲೆನ್ಸ್‌ಗಳ ಬೆಲೆ ಹೇಳಿದರು. ನನ್ನ ಬಾಯಿ ತಾನಾಗಿಯೇ ತೆರೆಯಿತು: "ಇದ್ರಾಗ ಕಡಿಮಿದು ಇಲ್ಲೇನ್ರಿ?"

ಬೆಂಚಿನಿಂದ ಹೆಂಡತಿಯ ದನಿ ಬಂತು. "ಡಾಕ್ಟ್ರ, ಎರಡೂ ಕಣ್ಣಿಗಿ ಹಾಕಬೇಕಲ್ರಿ. ಒಂದು ಕೊಂಡ್ರ ಒಂದು ಪುಕ್ಕಟ ಐತೇನ್ ಕೇಳ್ತಾರ ನೋಡ್ರಿ ಇವ್ರು!"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಭಟ್ಟಿ ಇಟ್ಟವರಿಗೆ ಒಂದೆರಡು ಮಾತು. ಮೀಟರ್ ಹಾಕಿಸಿ, ಆದರೆ ಅದೊಂದನ್ನೇ ನಂಬಬೇಡಿ, ಅದು ತಾನಿರುವ ಜಾಗದ ಶಾಖವನ್ನಷ್ಟೇ ಹೇಳುತ್ತದೆ. ತಕ್ಕ ಶಾಖಕ್ಕೆ ಬಾಗುವ ಸಣ್ಣ ಮಣ್ಣಿನ ಶಂಕುಗಳು ಸಿಗುತ್ತವೆ, ಮೇಲಿನ ಹಲಗೆಯಲ್ಲೊಂದು ಕೆಳಗೊಂದು ಇಡಿ. ಗಂಟೆಗೊಮ್ಮೆ ಶಾಖ ಬರೆದಿಡಿ, ಮುಂದಿನ ಸಲ ಅದೇ ಏರಿಕೆಯಲ್ಲಿ ಏರಿಸಿ. ಪೂರ್ತಿ ತಣಿಯುವವರೆಗೆ ಬಾಗಿಲು ತೆಗೆಯಬೇಡಿ, ಗಿರಾಕಿ ಹೊರಗೆ ಕೂಗುತ್ತಿರಲಿ. ಕಿಂಡಿ ಇಣುಕುವಾಗ ಭಟ್ಟಿಯ ಕೆಲಸಕ್ಕೆಂದೇ ಮಾಡಿದ ಕನ್ನಡಕ ಇರಲಿ. ಬಿಸಿಲಿನ ಕನ್ನಡಕ ಕೆಲಸಕ್ಕೆ ಬಾರದು. ಉಳಿದದ್ದರಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಇದರಲ್ಲಿ ಬೇಡ.

ಈಗ ನಮ್ಮ ಭಟ್ಟಿ ಹದವಾಗಿ ಸುಡುತ್ತದೆ.

ಎಡಗಣ್ಣಿನ ಆಪರೇಷನ್ ಮೊದಲಾಯಿತು, ಅದು ಚೆನ್ನಾಗಿ ತೆರೆಯಿತು. ತಿಂಗಳ ನಂತರ ಬಲಗಣ್ಣಿನದು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಕೇಳಿದರು:

"ಎದುರಿಗೆ ಯಾರ್ ಅದಾರ್ರಿ?"

ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. "ಬೆಳಕ ಐತ್ರಿ," ಎಂದಳು. ಆಮೇಲೆ ದನಿ ಇಳಿಸಿ, "ಏನ್ರಿ, ಹೊರಗ ಹೋದ್ರೇನು?"

"ಇಲ್ಲೇ ಅದೇನಿ" ಎನ್ನುತ್ತ ಹತ್ತಿರ ಹೋಗಿ ಅವಳ ಕೈ ಹಿಡಿದೆ.