ಗಾಜಿನ ಮೇಲಿನ ನಂಬರು

ನಮ್ಮೂರ ಬಸ್ಸಿನ ಡ್ರೈವರ್ ಕಾಕಾ ನಿಜಕ್ಕೂ ಇರಾನಿಗೆ ಹೋಗಿದ್ದರೋ ಇಲ್ಲವೋ, ಆಗ ನನಗೆ ಖಾತ್ರಿಯಿರಲಿಲ್ಲ. ಮುಂಬಯಿ ರಾಜ್ಯದ ಕಾಲದಲ್ಲಿ ಜಮಖಂಡಿಯಿಂದ ಮುಧೋಳಕ್ಕೆ ಬಸ್ಸು ಓಡಿಸುತ್ತಿದ್ದರು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ, ಇರಾನಿನ ಗುಡ್ಡ ದಾಟಿಸಿ ರಷ್ಯದ ಸೈನಿಕರಿಗೆ ಲಾರಿಗಳನ್ನು ಒಪ್ಪಿಸುತ್ತಿದ್ದರಂತೆ. ಅಲ್ಲೊಬ್ಬ ರಷ್ಯದ ಸೈನಿಕನಿಗೆ ತಮ್ಮ ಖಡಕ್ ರೊಟ್ಟಿ ಕೊಟ್ಟರಂತೆ.

“ತಾಟು ಅಂತ ತಿಳದು, ಅದರಾಗ ಏನರ ನೀಡ್ತಾನ ಅಂತ ಹಿಡಕೊಂಡು ಕುಂತಿದ್ದ ಮಗ!”

ನಕ್ಕು ಮುಗಿದ ಮೇಲೆ, ಬಸ್ಸಿನ ಗಾಜಿನ ಧೂಳಿನಲ್ಲಿ ಬೆರಳಿನಿಂದ ಅವನಿದ್ದ ಸೈನ್ಯದ ಡಿವಿಜನ್ನಿನ ನಂಬರು ಬರೆಯುತ್ತಿದ್ದರು. ನಾನು ಧಾರವಾಡದಿಂದ ರಜೆಗೆ ಬಂದಾಗಲೆಲ್ಲ ಅದೇ ಪ್ರಶ್ನೆ.

“ದೊಡ್ಡ ಸಾಲಿ ಕಲಿಯಾಕತ್ತಿ, ತಮ್ಮಾ. ಪುಸ್ತಕದಾಗ ನೋಡು. ಈ ನಂಬರಿನವರು ಮನಿ ಮುಟ್ಟಿದ್ರೇನು?”

ಒಮ್ಮೆ, ಯಾವ ಪುಸ್ತಕವನ್ನೂ ತೆರೆಯದೆಯೇ, “ಮುಟ್ಟ್ಯಾರ್ರಿ ಕಾಕಾ, ಎಲ್ಲಾರೂ” ಎಂದುಬಿಟ್ಟೆ.

“ಖರೇನ?”

“ಖರೇನ ರೀ.”

ಅವರು ಅಂಗೈಯಿಂದ ಗಾಜು ಒರೆಸಿದರು. ಮತ್ತೆಂದೂ ಅವರು ನಂಬರು ಬರೆದದ್ದನ್ನು ನಾನು ನೋಡಲಿಲ್ಲ.

ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಆ ಡಿವಿಜನ್ನಿನ ಯುದ್ಧದ ಇತಿಹಾಸ ಕೈಗೆ ಸಿಕ್ಕಿತು. ಇರಾನ್ ಬಿಟ್ಟ ಮರುವರ್ಷವೇ ಅದು ಪೂರ್ತಿ ನಾಶವಾಗಿತ್ತು. ಆಮೇಲೆ ಬೇರೆ ಊರುಗಳ ಹೊಸ ಹುಡುಗರನ್ನು ಕೂಡಿಸಿ, ಅವರಿಗೆ ಅದೇ ನಂಬರು ಕೊಟ್ಟಿದ್ದರು. ಯುದ್ಧ ಮುಗಿಸಿ ಮನೆಗೆ ಮರಳಿದ್ದು ಆ ನಂಬರು ಮಾತ್ರ.